ಶೂಟಿಂಗ್ ಕ್ಲಬ್‌ಗಳ ಬಂದೂಕು: ಕಾನೂನಿನ ಹೊಣೆ

ಗುರಿ ಅಭ್ಯಾಸಕ್ಕೆಂದು ರೈಫಲ್ ಕ್ಲಬ್‌ಗಳು ಇಟ್ಟುಕೊಳ್ಳುವ ಬಂದೂಕು, ಪಿಸ್ತೂಲು, ಮದ್ದುಗುಂಡುಗಳಿಗೆ ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು ಅನ್ವಯಿಸುತ್ತವೆ. ಕೊಂಡ ಹಣ ಎಲ್ಲ ಸದಸ್ಯರದ್ದಿರಬಹುದು. ಆದರೆ ಬಂದೂಕು ಇರುವುದು ಕ್ಲಬ್ಬಿನ ಲೈಸೆನ್ಸಿನ ಬಲದ ಮೇಲೆ. ಸದಸ್ಯನೆಂಬ ಮಾತ್ರಕ್ಕೆ ಅದನ್ನು ಮನೆಗೆ ಒಯ್ಯುವ ಹಕ್ಕು ಯಾರಿಗೂ ಬರುವುದಿಲ್ಲ.

2019ರ ತಿದ್ದುಪಡಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿಯನ್ನು 3ರಿಂದ 2ಕ್ಕೆ ಇಳಿಸಿತು. ಕೇಂದ್ರ ಸರ್ಕಾರದ ಲೈಸೆನ್ಸ್ ಅಥವಾ ಮಾನ್ಯತೆ ಪಡೆದ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ರೈಫಲ್ ಹಾಗೂ ಏರ್ ರೈಫಲ್‌ಗೆ ಈ ಮಿತಿ ಇಲ್ಲ. ಇದನ್ನೇ ಹಿಡಿದುಕೊಂಡು ಕ್ಲಬ್ಬಿನವರಿಗೆ ಲೈಸೆನ್ಸೇ ಬೇಡ ಎಂದು ನಂಬಿದವರಿದ್ದಾರೆ. ಅದು ತಪ್ಪು, ಅಪಾಯಕಾರಿ ತಪ್ಪು. ಇಲ್ಲಿನ ವಿನಾಯಿತಿ ಸಂಖ್ಯೆಗೆ ಮಾತ್ರ.

ಹೊಣೆಯ ತಿರುಳು ಇರುವುದು 33ನೇ ಕಲಮಿನಲ್ಲಿ. ಅದು ಕಂಪನಿಗಳ ಅಪರಾಧ ಕುರಿತದ್ದಾದರೂ ‘ಕಂಪನಿ’ ಎಂಬುದರೊಳಗೆ ವ್ಯಕ್ತಿಗಳ ಸಂಘವನ್ನೂ ಸೇರಿಸಿದೆ. ಹೀಗಾಗಿ ಕಾಯ್ದೆಯಡಿ ಅಪರಾಧ ನಡೆದರೆ ಸಂಘದ ಜೊತೆಗೆ, ಆ ಹೊತ್ತಿಗೆ ಅದರ ಆಡಳಿತ ಹೊತ್ತವರೂ ತಪ್ಪಿತಸ್ಥರೆಂದೇ ಭಾವಿಸಲಾಗುತ್ತದೆ. ತನಗೆ ತಿಳಿಯದೆ ನಡೆಯಿತು, ತಾನು ತಕ್ಕ ಎಚ್ಚರಿಕೆಯನ್ನೆಲ್ಲ ವಹಿಸಿದ್ದೆ ಎಂದು ಸಾಬೀತುಪಡಿಸಿದವರಿಗೆ ಬಿಡುಗಡೆಯುಂಟು. ಆದರೆ ಸಾಬೀತುಪಡಿಸುವ ಭಾರ ಅವರ ಮೇಲೆಯೇ. ಕಾರ್ಯದರ್ಶಿಯ ಒಪ್ಪಿಗೆ ಅಥವಾ ಅಲಕ್ಷ್ಯ ಕಂಡುಬಂದರೆ ಆತನೂ ಆರೋಪಿ.

ಈ ಎಚ್ಚರಿಕೆಗೆ ಸಾಕ್ಷಿ ಹೇಳುವುದು ಶಸ್ತ್ರಾಗಾರದ ರಿಜಿಸ್ಟರ್. ಶಿಸ್ತಿನ ಕ್ಲಬ್ಬಿನಲ್ಲಿ ಬಂದೂಕಿನ ನಂಬರು, ಪಡೆದವರ ಹೆಸರು, ಕೊಟ್ಟ ಗುಂಡುಗಳೆಷ್ಟು, ಹಾರಿಸಿ ಉಳಿದು ವಾಪಸಾದವೆಷ್ಟು, ಹೊತ್ತು, ಸಹಿ, ಇಷ್ಟೂ ಅಂದಂದೇ ಸಾಲುಬಿಡದೆ ದಾಖಲಾಗುತ್ತವೆ. ವಾರದ ಕೊನೆಗೆ ಒಟ್ಟಿಗೆ ಬರೆದ ಪುಟ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಲೈಸೆನ್ಸಿನ ಷರತ್ತು ಮುರಿದರೆ 30ನೇ ಕಲಮಿನಂತೆ 6 ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಂದಿನ ಕಾಲಕ್ಕೆ ಈ ದಂಡ ತೀರ ಹಗುರ. ಅರ್ಹತೆ ವಿಚಾರಿಸದೆ ಬಂದೂಕನ್ನು ಮತ್ತೊಬ್ಬರ ಕೈಗೆ ಒಪ್ಪಿಸುವುದು 29ನೇ ಕಲಮಿನಡಿ ಪ್ರತ್ಯೇಕ ಅಪರಾಧ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಂತೆ 5 ವರ್ಷದವರೆಗೆ ಶಿಕ್ಷೆಯಾಗಬಹುದು. ಪರಿಹಾರದ ಸಿವಿಲ್ ದಾವೆ ಬೇರೆ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ ಜನಾಂಗ ಮತ್ತು ಹಿಡುವಳಿಗೆ ಕಟ್ಟಿದ್ದು. ಕ್ಲಬ್ ಇವೆರಡೂ ಅಲ್ಲದ್ದರಿಂದ, ಆ ಬಲದ ಮೇಲೆ ಅದು ಬಂದೂಕು ಇಡಲಾಗದು.

ಪದಾಧಿಕಾರಿಯಾಗಿ ಆಯ್ಕೆಯಾದವರು ದಾಸ್ತಾನನ್ನು ಕಣ್ಣಾರೆ ಎಣಿಸಿ, ಲೈಸೆನ್ಸಿನೊಂದಿಗೆ ತಾಳೆ ನೋಡಿದ ಮೇಲೆಯೇ ಅಧಿಕಾರ ಹಸ್ತಾಂತರಕ್ಕೆ ಸಹಿ ಹಾಕಬೇಕು.