ಕೊಂಬು ಕತ್ತರಿಸಿದ ಜಾವಾ

ಅಪ್ಪ ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಓಡಿಸ್ತಿದ್ದ 1972ರ ಜಾವಾನ ಹೋದ ತಿಂಗಳು ಮಾರಿದೆ. ಕೊಂಡವರು ಕನಕಪುರದ ಹಿರಿಯರೊಬ್ಬರು. ಗಾಡಿ ಸುತ್ತ ಎರಡು ಸಲ ಬಂದು, "ಏನಪ್ಪಾ, ಒಳ್ಳೇ ಹಳ್ಳಿಕಾರ್ ಎತ್ತಿನ ಕೊಂಬು ಕತ್ತರಿಸಿಬಿಟ್ಟಿದ್ದೀಯಲ್ಲ" ಅಂದರು.

ಜಾವಾ ಹೆಸರು ಚೆಕೊಸ್ಲೊವಾಕಿಯಾದ್ದು, ಆದ್ರೆ ಈ ಗಾಡಿ ಹುಟ್ಟಿದ್ದು ನಮ್ಮ ಮೈಸೂರಲ್ಲಿ. ಫಾರೂಖ್ ಇರಾನಿ, ರುಸ್ತುಂ ಇರಾನಿ ಸೇರಿ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಮರುವರ್ಷದಿಂದ ಅಲ್ಲೇ ಬೈಕು ತಯಾರು. 250 ಸಿಸಿ, ಟೂ ಸ್ಟ್ರೋಕ್. ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಗೇರ್ ಲಿವರನ್ನೇ ಮೇಲೆತ್ತಿ ಕಿಕ್ ಹೊಡೀಬೇಕು, ಹೊಸಬರು ಕಿಕ್ಕರ್ ಹುಡುಕ್ತಾ ನಿಲ್ಲೋರು. ಆಮೇಲೆ ಹೆಸರು ಯೆಜ್ಡಿ ಆಯ್ತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ರಾಮದೇವರ ಬೆಟ್ಟದ ಹತ್ತಿರ 'ಶೋಲೆ' ಶೂಟಿಂಗ್ ನಡೀತಿದ್ದಾಗ ಅಪ್ಪ ಇದರಲ್ಲೇ ನೋಡೋಕೆ ಹೋಗಿದ್ರಂತೆ. ಅಮ್ಮ ಹಿಂದೆ.

ಅಪ್ಪ ಹೋದಮೇಲೆ, 2016ರಲ್ಲಿ, ಕೈಯಲ್ಲಿ ಸಂಬಳ ಓಡಾಡ್ತಿತ್ತು. ಕೆಫೆ ರೇಸರ್ ಮಾಡಿಸಿದೆ. 1950-60ರ ದಶಕದಲ್ಲಿ ಲಂಡನ್ನಿನ ಏಸ್ ಕೆಫೆಯಂಥ ಕಡೆ ಸೇರ್ತಿದ್ದ ಹುಡುಗರು ಗಾಡಿಯ ಭಾರ ಇಳಿಸಿ, ಹ್ಯಾಂಡಲ್ ತಗ್ಗಿಸಿ, ಫುಟ್‌ರೆಸ್ಟ್ ಹಿಂದಕ್ಕೆ ಸರಿಸಿ ಗಂಟೆಗೆ 100 ಮೈಲಿ ಮುಟ್ಟೋಕೆ ಒದ್ದಾಡಿದವರು. ನಾನು ಮುಟ್ಟಬೇಕಿದ್ದದ್ದು ಸಿಲ್ಕ್ ಬೋರ್ಡ್ ಸಿಗ್ನಲ್ಲು! ಮೆಕ್ಯಾನಿಕ್ ಚಾಸಿಯ ಹಿಂಭಾಗ ಕೊಯ್ದು ಒಂಟಿ ಸೀಟು ಕೂರಿಸಿದ. ಅಮ್ಮ ನೋಡಿ, "ಇನ್ನು ನಾನೆಲ್ಲಿ ಕೂತ್ಕೊಳ್ಳೋದು?" ಅಂತ ಕೇಳಿ ಒಳಗೆ ಹೋದರು.

2019ರಲ್ಲಿ ಸುಪ್ರೀಂ ಕೋರ್ಟು, ಕಂಪನಿ ಕೊಟ್ಟ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತು. 2021ರಲ್ಲಿ 50 ವರ್ಷ ದಾಟಿದ ಗಾಡಿಗಳಿಗೆ 'ವಿಎ' ಅಕ್ಷರದ ವಿಂಟೇಜ್ ನೋಂದಣಿ ಬಂತು. ಷರತ್ತು, ಚಾಸಿ, ಬಾಡಿ, ಎಂಜಿನ್ ಭಾರೀ ಮಾರ್ಪಾಡಾಗಿರಬಾರದು. ಮುಂದಿನ ವರ್ಷವೇ ನಮ್ಮ ಜಾವಾಗೆ ಐವತ್ತು ತುಂಬಿತು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಲಿ ಬೈಕಿಗೆ ಪ್ರವೇಶವೂ ಇಲ್ಲ. ಹುಟ್ಟಿದೂರಿಗೆ ಹೋಗಬೇಕಂದ್ರೂ ಅದಕ್ಕೆ ಸರ್ವೀಸ್ ರೋಡೇ ಗತಿ.

ಇದನ್ನೆಲ್ಲ ಕೊಳ್ಳುವವರಿಗೆ ಹೇಳಬೇಕಾ ಅಂತ ಒಂದು ರಾತ್ರಿ ಯೋಚಿಸಿದ್ದುಂಟು. ಹೇಳಿದೆ. ಅವರು ಅರ್ಧ ರೇಟಿಗೆ ಇಳಿಸಿದರು, ನಾನೂ ಎಳೆದಾಡಲಿಲ್ಲ.

"ಹಳೇ ಹ್ಯಾಂಡಲ್ ಇದ್ಯಾ?" ಅಂದರು. ಅಟ್ಟದ ಮೇಲಿತ್ತು. ಸೀಟು ಎಂದೋ ಗುಜರಿಗೆ ಹೋಗಿತ್ತು. ಹ್ಯಾಂಡಲ್ ತಂದುಕೊಟ್ಟವರು ಅಮ್ಮ, ಸೆರಗಿನಲ್ಲಿ ಧೂಳು ಒರೆಸ್ಕೊಂಡೇ. "ಸೀಟು ಹಾಕಿಸಿದ್ರೆ ಒಂದ್ಸಲ ಈ ಕಡೆ ತನ್ನಿ" ಅಂದರು.