ಶಿಕಾಗೊದಿಂದ ‘ಜ್ಯೋತಿ’ಯವರೆಗೆ: ಚಾರ್ಲಿ ಮರಿಯಾನೊ ಸ್ಯಾಕ್ಸೋಫೋನ್ ಕುರಿತು

ತುಂಗಭದ್ರೆಯಿಂದ ಆಚೆಗೆ ಹಿಂದೂಸ್ತಾನಿ, ಈಚೆಗೆ ಕರ್ನಾಟಕ ಸಂಗೀತ ಎನ್ನುವುದು ರೂಢಿಯ ಮಾತು. ಹರಿಹರ, ದಾವಣಗೆರೆಯ ಮದುವೆ ಮೆರವಣಿಗೆಗಳನ್ನು ಕೇಳಿದವರಿಗೆ ಈ ಗೆರೆ ಅಷ್ಟು ನೇರವಾಗಿ ಕಾಣದು. ಅಲ್ಲಿ ವಾಲಗಕ್ಕೂ ಬ್ಯಾಂಡ್‌ಸೆಟ್ಟಿನ ಕ್ಲಾರಿನೆಟ್ಟಿಗೂ ಜಾಗವಿದೆ. ಊದುವ ವಾದ್ಯಗಳು ಗಡಿಯನ್ನು ಲೆಕ್ಕಿಸುವುದು ಕಡಿಮೆ. ಅಂಥದ್ದೊಂದು ದಾಟುವಿಕೆ ಈ ಟಿಪ್ಪಣಿಯ ವಸ್ತು.

ಅಮೆರಿಕದ ಸ್ಟಾನ್ ಕೆಂಟನ್ ಜಾಝ್ ವಾದ್ಯವೃಂದದ ‘ಕಂಟೆಂಪರರಿ ಕಾನ್ಸೆಪ್ಟ್ಸ್’ ಆಲ್ಬಂ ಶಿಕಾಗೊದಲ್ಲಿ ಮುದ್ರಣವಾದದ್ದು 1955ರ ಜುಲೈನಲ್ಲಿ. ಕೆಂಟನ್ ಎಂದರೆ ಹಿತ್ತಾಳೆ ವಾದ್ಯಗಳ ಅಬ್ಬರ ಎಂಬ ಖ್ಯಾತಿಯಿತ್ತು. ಬಹುಪಾಲು ಸಂಯೋಜನೆ ಮಾಡಿದ ಬಿಲ್ ಹೋಲ್ಮನ್ ಅದನ್ನು ಹದಕ್ಕೆ ತಂದರು: ಸ್ವರಗಳನ್ನು ಗೋಡೆಯಂತೆ ಪೇರಿಸದೆ, ಒಂದೊಂದು ವಾದ್ಯವರ್ಗಕ್ಕೂ ಅದರದೇ ನಡೆ ಕೊಟ್ಟರು. ‘ಸ್ಟೆಲ್ಲಾ ಬೈ ಸ್ಟಾರ್‌ಲೈಟ್’ನಲ್ಲಿ ಆಲ್ಟೊ ಸ್ಯಾಕ್ಸೋಫೋನ್ ಮುಂದೆ ನಿಲ್ಲುತ್ತದೆ. ನುಡಿಸಿದವರು ಬಾಸ್ಟನ್‌ನ ಚಾರ್ಲಿ ಮರಿಯಾನೊ (1923–2009). ಸ್ವರವನ್ನು ತುಟಿಯಿಂದಲೇ ಬಾಗಿಸಿ, ಬಿಡಲು ಮನಸ್ಸಿಲ್ಲದವರಂತೆ ಎಳೆಯುವ ಅವರ ರೀತಿ ಅಲ್ಲೇ ಸ್ಪಷ್ಟವಾಗಿದೆ. ಭಾರತ ಅವರಿಗೆ ‘ಗಮಕ ಕಲಿಸಿತು’ ಎನ್ನುವವರು ಇದನ್ನೊಮ್ಮೆ ಕೇಳಬೇಕು.

1960ರ ದಶಕದಲ್ಲಿ ಮಲೇಷ್ಯಾದಲ್ಲಿದ್ದಾಗ ಮರಿಯಾನೊಗೆ ನಾಗಸ್ವರದ ಗುಂಗು ಹಿಡಿಯಿತು. ಅದನ್ನು ಕಲಿತರು, 1976ರ ‘ಹೆಲೆನ್ 12 ಟ್ರೀಸ್’ನಲ್ಲಿ ನುಡಿಸಿದರು. ಮುಂದೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ 1983ರಲ್ಲಿ ‘ಜ್ಯೋತಿ’ ಬಂತು. ಆರ್.ಎ. ರಮಾಮಣಿಯವರ ರಚನೆ ಮತ್ತು ಗಾಯನ, ಟಿ.ಎ.ಎಸ್. ಮಣಿಯವರ ಮೃದಂಗ, ಜೊತೆಗೆ ಘಟ, ಖಂಜಿರ, ಮೋರ್ಚಿಂಗ್, ಕೊನ್ನಕೋಲು. ಪಿಯಾನೊ ಇಲ್ಲ, ಬಾಸ್ ಇಲ್ಲ.

ನನ್ನ ದೃಷ್ಟಿಯಲ್ಲಿ ಮುಖ್ಯವಾದುದು ಈ ಇಲ್ಲದಿರುವಿಕೆ. 1955ರಲ್ಲಿ ಅವರ ಕಾಲಡಿ ಸ್ವರಮೇಳಗಳು ಕ್ಷಣಕ್ಷಣಕ್ಕೆ ಬದಲಾಗುತ್ತಿದ್ದವು. ಬಾಗಿಸಿದ ಸ್ವರ ಮುಂದಿನ ಮೇಳಕ್ಕೆ ಒಗ್ಗಲೇಬೇಕಿತ್ತು. ‘ಜ್ಯೋತಿ’ಯಲ್ಲಿ ಒಂದೇ ಷಡ್ಜ. ಒಗ್ಗಿಸಿಕೊಳ್ಳುವ ತುರ್ತಿಲ್ಲ, ರಮಾಮಣಿಯವರ ಕಂಠದ ಪಕ್ಕದಲ್ಲಿ ಅದೇ ಎಳೆತ ನಿರಾಳವಾಗಿ ಮುಗಿಯುತ್ತದೆ. ಆ ಬಿಗಿ ಇನ್ನೊಂದು ಕಡೆ ಸೇರಿದೆ, ತಾಳಕ್ಕೆ: ತಂತಮ್ಮ ಲೆಕ್ಕದಲ್ಲಿ ಓಡುವ ಲಯವಾದ್ಯಗಳ ನಡುವೆ ಸಮಕ್ಕೆ ಬಂದು ನಿಲ್ಲುವುದು ಹೋಲ್ಮನ್ ಬರವಣಿಗೆಯಷ್ಟೇ ಕಟ್ಟುನಿಟ್ಟು. ಆಮೇಲೆ ‘ಸ್ಕೆಚಸ್ ಆಫ್ ಬೆಂಗಳೂರ್’ನಲ್ಲಿ ಇದೇ ತಂಡ ಜರ್ಮನಿಯ ಡಬ್ಲ್ಯೂಡಿಆರ್ ಬಿಗ್ ಬ್ಯಾಂಡ್ ಜೊತೆ ಸೇರಿದಾಗ ದೊಡ್ಡ ವಾದ್ಯವೃಂದ ಮರಳಿತು.

ಎದುರು ದಿಕ್ಕಿನಿಂದ ಬಂದವರು ಕದ್ರಿ ಗೋಪಾಲನಾಥ್ (1949–2019). ನಾಗಸ್ವರದ ಮನೆತನ, ಸಜಿಪದ ಹುಡುಗ; ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಸೋತರು. ನಾಗಸ್ವರದಲ್ಲಿ ಬೆರಳು ರಂಧ್ರವನ್ನು ಅರ್ಧ ಮುಚ್ಚಿ ಜಾರಬಹುದು. ಸ್ಯಾಕ್ಸೋಫೋನಿನ ಕೀಲಿಗಳು ಹಾಗೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಗಮಕದ ಭಾರ ತುಟಿ ಮತ್ತು ಉಸಿರಿನ ಮೇಲೆ ಬೀಳುತ್ತದೆ. ಮರಿಯಾನೊ 1955ರಲ್ಲಿ ದುಡಿಸಿಕೊಂಡದ್ದೂ ಅವೆರಡನ್ನೇ.