ಕಾಯಿಲೆಯ ರಜೆ ಮುಗಿದ ಮೇಲೆ: ಮೈಸೂರಿನಿಂದ ಅಬು ಹಲೀಫಾದವರೆಗೆ

ನಮ್ಮ ಅಬು ಹಲೀಫಾ, ಮಹ್‌ಬೂಲ, ಮಂಗಾಫ್ ಕಡೆಯ ಮನೆಗಳಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂತೆಂದರೆ ನೋಡಲು ಹೋದವರು ಮೊದಲು ಕೇಳುವುದು "ಡಾಕ್ಟರು ಏನಂದ್ರು?" ಎಂದು. ಎರಡನೆಯ ಪ್ರಶ್ನೆ ಅಡುಗೆಮನೆಯ ಬಾಗಿಲ ಹತ್ತಿರ, ದನಿ ತಗ್ಗಿಸಿ ಬರುತ್ತದೆ: "ಕಂಪನಿಯವರು ಏನಂದ್ರು?" ಈ ಎರಡನೆಯ ಪ್ರಶ್ನೆಗೂ ಒಂದು ಇತಿಹಾಸವಿದೆ.

ನಮ್ಮ ನಾಡಿನಲ್ಲಿ ದೀರ್ಘ ಕಾಯಿಲೆ ಎಂದರೆ ಬಹುಕಾಲ ಕ್ಷಯವೇ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಇದಕ್ಕೇ ಬಲಿಯಾದರು. ಅವರ ನೆನಪಿಗಾಗಿ 1921ರಲ್ಲಿ ಮೈಸೂರಿನಲ್ಲಿ ಕ್ಷಯರೋಗ ಆಸ್ಪತ್ರೆ ಆರಂಭವಾಯಿತು. ಮೈಸೂರಿನ ಕಡೆಯ ಸದಸ್ಯರು ಅದನ್ನು ಪಿ.ಕೆ.ಟಿ.ಬಿ. ಎಂದೇ ಬಲ್ಲರು. ಅರಮನೆಗೇ ತಪ್ಪದ ರೋಗ ಬಡವರ ಮನೆ ಹೊಕ್ಕರೆ ಏನಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಔಷಧವಿಲ್ಲದ ಆ ದಿನಗಳಲ್ಲಿ ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ತಿಂಗಳುಗಟ್ಟಲೆ ಮಲಗುವುದು, ಇಷ್ಟೇ ಚಿಕಿತ್ಸೆ. ಬದುಕಿ ಬಂದವನ ಜಾಗದಲ್ಲಿ ಅಷ್ಟು ಹೊತ್ತಿಗೆ ಬೇರೊಬ್ಬ ಕೂತಿರುತ್ತಿದ್ದ.

ಮಲಗಿಸಿಯೇ ಇಟ್ಟರೆ ಸಾಲದು ಎಂದು ಕೆಲವರಿಗೆ ಆಗಲೇ ಹೊಳೆದಿತ್ತು. ಇಂಗ್ಲೆಂಡಿನ ಫ್ರಿಮ್ಲಿ ಆರೋಗ್ಯಧಾಮದಲ್ಲಿ ಡಾ. ಮಾರ್ಕಸ್ ಪ್ಯಾಟರ್ಸನ್ ಕಳೆದ ಶತಮಾನದ ಮೊದಲ ದಶಕದಲ್ಲೇ ರೋಗಿಗಳಿಗೆ ಮೊದಲು ನಡಿಗೆ, ಆಮೇಲೆ ಬುಟ್ಟಿ ಹೊರುವುದು, ಕೊನೆಗೆ ಗುದ್ದಲಿ ಕೆಲಸ ಎಂದು ಮೆಟ್ಟಿಲು ಮೆಟ್ಟಿಲಾಗಿ ದುಡಿಮೆ ಕೊಟ್ಟರು. ಕ್ಷಯಕ್ಕೆ ಅದೆಷ್ಟು ಮದ್ದಾಯಿತೋ ಬೇರೆ ಮಾತು. ಆದರೆ ಕೆಲಸಕ್ಕೆ ಹಂತ ಹಂತವಾಗಿ ಮರಳಬೇಕೆಂಬ ವಿಚಾರ ಮಾತ್ರ ಇಂದಿಗೂ ಉಳಿದಿದೆ.

ಚಿತ್ರ ಬದಲಾದದ್ದು ಔಷಧಗಳಿಂದ. 1943ರಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೊನಯಾಜಿಡ್ ಬಂದವು. 1956ರಲ್ಲಿ ಮದರಾಸಿನಲ್ಲಿ ಒಂದು ಪರೀಕ್ಷೆ ಶುರುವಾಯಿತು. ಬಡ ರೋಗಿಗಳಲ್ಲಿ ಕೆಲವರಿಗೆ ಆರೋಗ್ಯಧಾಮದಲ್ಲಿ, ಉಳಿದವರಿಗೆ ಅವರ ಇಕ್ಕಟ್ಟಾದ ಮನೆಗಳಲ್ಲೇ ಅದೇ ಮಾತ್ರೆ ಕೊಟ್ಟು ನೋಡಿದರು. 1959ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೂ ಸ್ಥಾಪನೆಯಾಯಿತು. ಮನೆ ಬಿಟ್ಟು ವರ್ಷಗಟ್ಟಲೆ ದೂರವಿರಬೇಕಾದ ಕಾಲ ಹೀಗೆ ಮುಗಿಯಿತು.

ಮಾತ್ರೆ ಸಿಕ್ಕರೂ ಆ ತಿಂಗಳುಗಳ ಅಕ್ಕಿಗೆ ಏನು ಗತಿ? 1948ರ ಇ.ಎಸ್.ಐ. ಕಾಯಿದೆ ಉತ್ತರ ಕೊಟ್ಟದ್ದು ಈ ಪ್ರಶ್ನೆಗೆ. ಇಂದಿನ ನಿಯಮದಂತೆ ವರ್ಷಕ್ಕೆ 91 ದಿನ ಸಂಬಳದ ನೂರಕ್ಕೆ 70ರಷ್ಟು, ಕ್ಷಯದಂಥ ದೀರ್ಘ ಕಾಯಿಲೆಗಳಿಗೆ ಗರಿಷ್ಠ ಎರಡು ವರ್ಷ ನೂರಕ್ಕೆ 80ರಷ್ಟು ಸಿಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಹಣಕ್ಕಿಂತ ದೊಡ್ಡದು ಆ ಕಾಯಿದೆಯ 73ನೆಯ ಕಲಮು: ಕಾಯಿಲೆಯ ಭತ್ಯೆ ಪಡೆಯುತ್ತಿರುವ ಕಾರ್ಮಿಕನನ್ನು ಮಾಲೀಕ ಕೆಲಸದಿಂದ ತೆಗೆಯುವಂತಿಲ್ಲ. ಊರಿನ ಕಾರ್ಖಾನೆಯಲ್ಲಿ ದುಡಿದು ಇಲ್ಲಿಗೆ ಬಂದವರಿಗೆ ಈ ರಕ್ಷಣೆಯ ಬೆಲೆ ವಿಮಾನ ಇಳಿದ ಮೇಲೆ ತಿಳಿಯುತ್ತದೆ.

ಕುವೈತಿನ 1964ರ ಕಾರ್ಮಿಕ ಕಾನೂನಿನಲ್ಲಿ ವರ್ಷಕ್ಕೆ 30 ದಿನ ಕಾಯಿಲೆಯ ರಜೆ ಇತ್ತು. ಮೊದಲ 6 ದಿನ ಪೂರ್ತಿ ಸಂಬಳ, ಆಮೇಲೆ ಆರಾರು ದಿನಕ್ಕೆ ಮುಕ್ಕಾಲು, ಅರ್ಧ, ಕಾಲು, ಕೊನೆಯ ಆರು ದಿನ ಸೊನ್ನೆ. 2010ರ 6ನೆಯ ಕಾನೂನು ಇದನ್ನು 75 ದಿನಕ್ಕೆ ಏರಿಸಿತು: 15 ದಿನ ಪೂರ್ತಿ, 10 ದಿನ ಮುಕ್ಕಾಲು, 10 ದಿನ ಅರ್ಧ, 10 ದಿನ ಕಾಲು, 30 ದಿನ ಸಂಬಳವಿಲ್ಲದೆ. ಲೆಕ್ಕ ಹಾಕಿ ನೋಡಿ, ಎಪ್ಪತ್ತೈದು ದಿನಕ್ಕೆ ಕೈಗೆ ಬರುವುದು ಮೂವತ್ತು ದಿನದ ಸಂಬಳ. ಮನೆ ಬಾಡಿಗೆ, ಮಕ್ಕಳ ಶಾಲೆಯ ಫೀಸು, ಊರಿನ ಬ್ಯಾಂಕಿನ ಕಂತು ಇವಕ್ಕೆ ಮುಕ್ಕಾಲು, ಕಾಲು ಎಂಬುದು ಗೊತ್ತಿಲ್ಲ. ಕೆಲಸದಲ್ಲೇ ಪೆಟ್ಟಾಗಿದ್ದರೆ ದಾರಿ ಬೇರೆ: ಚಿಕಿತ್ಸೆಯ ಕಾಲಕ್ಕೆ ಪೂರ್ತಿ ಸಂಬಳ, ಆರು ತಿಂಗಳು ಮೀರಿದರೆ ಅರ್ಧ. ರಜೆಯಲ್ಲಿರುವಾಗ ತೆಗೆಯುವಂತಿಲ್ಲ ಎಂದು ಇಲ್ಲಿನ ಕಾನೂನೂ ಹೇಳುತ್ತದೆ. ಆದರೆ ಕಾಯಿಲೆಯ ರಜೆಯೆಲ್ಲ ಮುಗಿದೂ ಗುಣವಾಗದಿದ್ದರೆ ವೈದ್ಯಕೀಯ ಪ್ರಮಾಣಪತ್ರದ ಮೇಲೆ ಕರಾರು ಮುಗಿಯುತ್ತದೆ. ಆಗ ಸೇವಾಂತ್ಯದ ಹಣ ಪೂರ್ತಿ ಸಿಗಬೇಕು, ಇದನ್ನು ಗುರುತು ಹಾಕಿಕೊಳ್ಳಿ.

ಚಿಕಿತ್ಸೆಗೆಂದು ಊರಿಗೆ ಹೋದವರಿಗೆ ಇನ್ನೊಂದು ಗಡಿಯಾರವೂ ಓಡುತ್ತಿರುತ್ತದೆ. ಸತತ ಆರು ತಿಂಗಳು ಹೊರಗಿದ್ದರೆ ಅಕಾಮಾ ಹೋಗುತ್ತದೆ ಎಂಬುದು ಹಳೆಯ ನಿಯಮ. 2020ರ ಕೊರೋನಾ ಕಾಲದಲ್ಲಿ ಅದು ಸಡಿಲವಾಗಿ ಮತ್ತೆ ಬಿಗಿಯಾಯಿತು. ಕ್ಷಯದ ಸಾಮಾನ್ಯ ಔಷಧಕ್ರಮವೂ ಆರು ತಿಂಗಳೇ. ಅದರ ಮೇಲೆ, ಎದೆಯ ಎಕ್ಸ್‌ರೇಯಲ್ಲಿ ಗುಣವಾದ ಕ್ಷಯದ ಹಳೆಯ ಕಲೆ ಕಂಡರೂ ಕೊಲ್ಲಿಯ ವೀಸಾಕ್ಕೆ ಅನರ್ಹ ಎನ್ನುವುದು ದೀರ್ಘಕಾಲ ನಡೆದುಬಂದ ಪದ್ಧತಿ. ಮದರಾಸಿನ ಪರೀಕ್ಷೆ ತೆರೆದ ಬಾಗಿಲನ್ನು ವೀಸಾದ ಕಿಟಕಿ ಮುಚ್ಚಿತು ಎನ್ನಬಹುದು.

ಹಾಗಾದರೆ ಮರಳುವವರು ಯಾರು, ಮರಳದವರು ಯಾರು? ನಾರ್ವೆಯಲ್ಲಿ ಬೆನ್ನುನೋವಿಗೆ ಎಂಟು ವಾರ ಮೀರಿ ರಜೆಯಲ್ಲಿದ್ದ 975 ಜನರ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ವೈದ್ಯರು ಕೂರಿಸಿಕೊಂಡು, ಬೆನ್ನು ಮುರಿದಿಲ್ಲ, ಓಡಾಡಿದರೆ ಕೆಡುವುದಿಲ್ಲ ಎಂದು ವಿವರಿಸಿ ಹೇಳಿದರು. ಇನ್ನೊಂದು ಗುಂಪಿಗೆ ಮಾಮೂಲು ಚಿಕಿತ್ಸೆ. ಇನ್ನೂರು ದಿನಗಳಾದ ಮೇಲೆ ಮಾಮೂಲು ಗುಂಪಿನಲ್ಲಿ ನೂರಕ್ಕೆ ಸುಮಾರು 60 ಜನ, ವಿವರಣೆ ಕೇಳಿದವರಲ್ಲಿ ಸುಮಾರು 30 ಜನ ಮಾತ್ರ ಇನ್ನೂ ರಜೆಯಲ್ಲಿದ್ದರು. ಬರೀ ಮಾತಿನಿಂದ ಇಷ್ಟು! ಸಂಜೆ ಐದು ನಿಮಿಷದಲ್ಲಿ ಹತ್ತು ಜನರನ್ನು ನೋಡುವ ಕ್ಲಿನಿಕ್‌ಗಳಲ್ಲಿ ಆ ಮಾತು ಎಲ್ಲಿ ಸಿಗಬೇಕು.

ಬ್ರಿಟನ್ 2010ರ ಏಪ್ರಿಲ್‌ನಲ್ಲಿ ವೈದ್ಯರ ಚೀಟಿಯನ್ನೇ ಬದಲಿಸಿತು. ಮೊದಲು "ಕೆಲಸ ಮಾಡಬಾರದು" ಎಂದಷ್ಟೇ ಬರೆಯುತ್ತಿದ್ದರು. ಹೊಸ ಚೀಟಿಯಲ್ಲಿ ಕಡಿಮೆ ಗಂಟೆ, ಹಗುರ ಕೆಲಸ ಮುಂತಾಗಿ ಸೂಚಿಸಿ "ಹೀಗಾದರೆ ಮಾಡಬಹುದು" ಎಂದು ಬರೆಯಲು ಜಾಗ ಬಂತು. ಜರ್ಮನಿಯಲ್ಲೂ ದಿನಕ್ಕೆ ಕೆಲವೇ ಗಂಟೆಗಳಿಂದ ಆರಂಭಿಸಿ ಹೆಚ್ಚಿಸಿಕೊಂಡು ಹೋಗುವ ಏರ್ಪಾಡಿದೆ. ಇಲ್ಲಿ ಅದು ಫೋರ್‌ಮನ್ನರ ಮನಸ್ಸಿಗೆ ಬಿಟ್ಟದ್ದು. ಆಫೀಸಿನ ಕುರ್ಚಿಯವರು ಆಪರೇಷನ್ ಆಗಿ ತಿಂಗಳಿಗೇ ಬಂದು ಕೂರಬಹುದು. ಅದೇ ಆಪರೇಷನ್ ಆದ ಫಿಟ್ಟರ್ ಜುಲೈ ಬಿಸಿಲಿನಲ್ಲಿ ಏಣಿ ಹತ್ತಬೇಕು. ರಜೆಯಲ್ಲಿದ್ದಾಗ ಸೈಟಿನಿಂದ ಒಮ್ಮೆ ಫೋನ್ ಬಂದಿದ್ದರೆ, ಸ್ಟೋರಿನಲ್ಲಿ ಎರಡು ತಿಂಗಳು ಲೆಕ್ಕ ಬರೆಯುವ ಕೆಲಸ ಸಿಕ್ಕರೆ, ಅವನೂ ಉಳಿಯುತ್ತಾನೆ.

ಚೀಟಿಯ ವಿಷಯದಲ್ಲಿ ಕೊನೆಗೊಂದು ಮಾತು. ಕಂಪನಿ ನೇಮಿಸಿದ ವೈದ್ಯರ ಪ್ರಮಾಣಪತ್ರವೂ ಸರಕಾರಿ ಆರೋಗ್ಯ ಕೇಂದ್ರದ್ದೂ ಎರಡೂ ನಡೆಯುತ್ತವೆ. ದಿನಗಳ ಲೆಕ್ಕದಲ್ಲಿ ತಕರಾರು ಬಂದರೆ ಕಾನೂನು ಮಾನ್ಯ ಮಾಡುವುದು ಸರಕಾರಿ ವೈದ್ಯರದ್ದನ್ನು.